ಐದು ಈಡಿನ ಪುಟ್ಟ ರಿವಾಲ್ವರ್: ಏಳು ಗಜದಲ್ಲೂ ಗುಂಡು ಕೆಳಕ್ಕೆ, ಎಡಕ್ಕೆ ಹೋಗುತ್ತಿದೆ

ವಿರಾಜಪೇಟೆಯವ (ಟೆಕ್ಸಸ್):

ಎಲ್ಲರಿಗೂ ನಮಸ್ಕಾರ. ಅಮೆರಿಕದ ಪೌರತ್ವ ದೊರೆತ ಬಳಿಕ ಕಳೆದ ತಿಂಗಳು ನಾನು ಮೊದಲ ಬಾರಿಗೆ ಸ್ವಂತದ್ದೊಂದು ಕೈಬಂದೂಕನ್ನು ಕೊಂಡೆ. ಅದು ಸ್ಮಿತ್ ಅಂಡ್ ವೆಸನ್ 642, .38 ಸ್ಪೆಷಲ್ ತೋಟೆಯದು. ಐದು ಈಡು, ಎರಡು ಅಂಗುಲಕ್ಕೂ ತುಸು ಕಡಿಮೆಯ ನಳಿಗೆ, ಸುಮಾರು 410 ಗ್ರಾಂ ತೂಕ. ತೋಟೆಗೆ ಬಡಿಯುವ ಹ್ಯಾಮರ್ ಒಳಗೇ ಅಡಗಿರುವುದರಿಂದ ಹೆಬ್ಬೆರಳಿನಿಂದ ಅದನ್ನು ಹಿಂದಕ್ಕೆಳೆದು ಟ್ರಿಗರನ್ನು ಹಗುರ ಮಾಡಿಕೊಳ್ಳುವ ಅವಕಾಶವಿಲ್ಲ. ಪ್ರತಿಯೊಂದು ಈಡಿಗೂ ಟ್ರಿಗರನ್ನು ಆರಂಭದಿಂದ ಕೊನೆಯವರೆಗೆ ಎಳೆಯಲೇಬೇಕು.

ನಾನು ಕೊಡಗಿನಲ್ಲಿ ಬೆಳೆದವನು. ಕೈಲ್ ಮುಹೂರ್ತದ ದಿನ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಅಜ್ಜನ ಕೋವಿಯಿಂದ ಗುರಿಯಿಟ್ಟು ಹೊಡೆದು ಬಹುಮಾನ ಪಡೆದವನೆಂಬ ಸಣ್ಣ ಜಂಬವೂ ಇತ್ತು. ಆ ಜಂಬ ಕಳೆದ ಶನಿವಾರ ಒಳಾಂಗಣ ರೇಂಜಿನಲ್ಲಿ ಇಳಿದುಹೋಯಿತು. ಏಳು ಗಜ, ಅಂದರೆ ಆರೂವರೆ ಮೀಟರಿಗೂ ಕಡಿಮೆ ದೂರದಲ್ಲಿ, 110 ಗ್ರೇನಿನ (ಸುಮಾರು 7 ಗ್ರಾಂ) ಹಗುರ ಗುಂಡಿನ ನೂರು ತೋಟೆ ಹೊಡೆದೆ. ಹೆಚ್ಚಿನವು ನಡುಬಿಂದುವಿಗಿಂತ ಮೂರು ನಾಲ್ಕು ಅಂಗುಲ ಕೆಳಗೆ, ಎಡಕ್ಕೆ ಬಿದ್ದವು. ಐವತ್ತರ ನಂತರ ಹೆಬ್ಬೆರಳ ಬುಡದ ಚರ್ಮ ಕೆಂಪಾಗಿ ಕೈ ನಡುಗತೊಡಗಿತು. ಎಪ್ಪತ್ತರ ಆಸುಪಾಸಿನಲ್ಲಿ ತೋಟೆ ತುಂಬುವ ಸಿಲಿಂಡರ್ ತಿರುಗಲು ಬಿಗಿಯಾಯಿತು, ಒಮ್ಮೆ ಟ್ರಿಗರ್ ಪೂರ್ತಿ ನಿಂತೇಹೋಯಿತು. ತಪ್ಪು ಬಂದೂಕಿನದೋ ನನ್ನದೋ ಎಂಬುದನ್ನು ಬೇರ್ಪಡಿಸಿ ನೋಡುವುದು ಹೇಗೆ? ಮುಂದಿನ ವಾರ ವಿದ್ಯಾರ್ಥಿ ವೀಸಾದ ಮೇಲೆ ಬಂದಿರುವ ಅಣ್ಣನ ಮಗನನ್ನೂ ಕರೆದೊಯ್ಯುವ ಯೋಚನೆಯಿದೆ; ಅದಕ್ಕೆ ಮೊದಲು ಇದನ್ನು ಸರಿಪಡಿಸಿಕೊಳ್ಳಬೇಕು.

ಹಳೇ ಗುರಿಕಾರ (ಒಹಾಯೊ):

ವಿರಾಜಪೇಟೆಯವರೇ, ಮೊದಲು ಅಣ್ಣನ ಮಗನ ವಿಚಾರ, ಏಕೆಂದರೆ ಅದು ಗುರಿ ತಪ್ಪುವುದಕ್ಕಿಂತ ದೊಡ್ಡದು. ವಲಸೆಯೇತರ ವೀಸಾದ ಮೇಲಿರುವವರು ಬಂದೂಕನ್ನಾಗಲಿ ತೋಟೆಯನ್ನಾಗಲಿ ಹೊಂದುವುದನ್ನು ಇಲ್ಲಿನ ಫೆಡರಲ್ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಚಾಲ್ತಿಯಲ್ಲಿರುವ ಬೇಟೆ ಪರವಾನಗಿಯಂಥ ಕೆಲವು ವಿನಾಯಿತಿಗಳಿವೆ. ಕೊಂಡುಕೊಂಡರೆ ಮಾತ್ರ ತೊಂದರೆ, ರೇಂಜಿನಲ್ಲಿ ಹತ್ತು ನಿಮಿಷ ಹಿಡಿದರೆ ಏನೂ ಆಗದು ಎಂದು ನಮ್ಮವರಲ್ಲಿ ಅನೇಕರು ತಿಳಿದಿದ್ದಾರೆ. ಅದು ತಪ್ಪು ತಿಳಿವಳಿಕೆ. ಹುಡುಗನ ವೀಸಾಕ್ಕೆ ಕುತ್ತು ತರಬೇಡಿ, ವಕೀಲರನ್ನು ಕೇಳದೆ ಅವನ ಕೈಗೆ ಕೊಡಬೇಡಿ.

ಇನ್ನು ಬಂದೂಕಿನ ವಿಷಯ. ನೀವು ಹೇಳಿದ ಲಕ್ಷಣದಲ್ಲಿ ಎರಡು ಬೇರೆ ಬೇರೆ ಕಾರಣಗಳು ಬೆರೆತಿವೆ ಎಂದು ನನಗೆ ತೋರುತ್ತದೆ: 'ಕೆಳಗೆ' ಎಂಬುದರಲ್ಲಿ ಗುಂಡಿನ ಪಾಲಿದೆ, 'ಎಡಕ್ಕೆ' ಎಂಬುದು ಬಹುತೇಕ ನಿಮ್ಮ ಬೆರಳಿನದು. ಈ ಬಗೆಯ ರಿವಾಲ್ವರಿನ ಸೈಟನ್ನು, ಅಂದರೆ ಗುರಿ ಹಿಡಿಯುವ ಗುರುತನ್ನು, ಮೇಲೆ ಕೆಳಗೆ ತಿರುಗಿಸಲು ಬರುವುದಿಲ್ಲ. ಮುಂದಿನದು ನಳಿಗೆಯ ಮೇಲಿನ ಒಂದು ದಿಬ್ಬ, ಹಿಂದಿನದು ಚೌಕಟ್ಟಿನ ಮೇಲ್ಭಾಗದಲ್ಲಿ ಕೊರೆದ ಒಂದು ತೋಡು, ಅಷ್ಟೇ. ಹೀಗಾಗಿ ಗುಂಡು ಎಲ್ಲಿ ಬೀಳುತ್ತದೆ ಎಂಬುದು ಅದರ ತೂಕವನ್ನು ಅವಲಂಬಿಸಿರುತ್ತದೆ. ಭಾರವಾದ ಗುಂಡು ನಿಧಾನವಾಗಿ ಹೊರಡುತ್ತದೆ. ಅದು ನಳಿಗೆಯೊಳಗೆ ಇರುವಷ್ಟರಲ್ಲೇ ಹಿಮ್ಮೆಟ್ಟುವಿಕೆಯಿಂದ ನಳಿಗೆಯ ಬಾಯಿ ತುಸು ಮೇಲೆದ್ದಿರುತ್ತದೆ, ಆದ್ದರಿಂದ ಅದು ಗುರಿಹಲಗೆಯಲ್ಲಿ ಎತ್ತರಕ್ಕೆ ಬೀಳುತ್ತದೆ. ಹಗುರ ಗುಂಡು ಬೇಗ ಹೊರಬಿದ್ದು ಕೆಳಗೆ ಹೋಗುತ್ತದೆ. ಬಂದೂಕು ಹಗುರವಿದ್ದಷ್ಟೂ ಏಟು ಜೋರು, ಆದ್ದರಿಂದ 110 ಗ್ರೇನು ನಿಮ್ಮ ಕೈಗೆ ಆರಾಮವೆನಿಸಿದರೂ ಸೈಟಿಗೆ ಹೊಂದದಿರಬಹುದು. ಒಂದು ಪೆಟ್ಟಿಗೆ 158 ಗ್ರೇನಿನದು, ಅಂದರೆ ಸುಮಾರು 10 ಗ್ರಾಂ ಗುಂಡಿನದು, ತನ್ನಿ. ಮರಳು ಚೀಲದ ಮೇಲೆ ಕೈಯೂರಿ, ಎರಡೂ ಬಗೆಯವನ್ನು ಐದೈದರಂತೆ ಬೇರೆ ಬೇರೆ ಕಾಗದಗಳಿಗೆ ಹೊಡೆದು ನೋಡಿ. ನೀವು ಕೇಳಿದ ಪ್ರಶ್ನೆಗೆ ಉತ್ತರ ಆ ಕಾಗದಗಳ ಮೇಲೆಯೇ ಇರುತ್ತದೆ. ಹೆಚ್ಚಿನ ಒತ್ತಡದ 'ಪ್ಲಸ್ ಪಿ' ತೋಟೆಗಳಿಗೂ ಈ ಮಾದರಿ ತಡೆಯುತ್ತದೆ ನಿಜ, ಆದರೆ ಸಾಮಾನ್ಯ .38ರ ಗರಿಷ್ಠ ಒತ್ತಡ 17,000 ಪಿಎಸ್‌ಐ (ಚದರ ಅಂಗುಲಕ್ಕೆ ಇಷ್ಟು ಪೌಂಡು) ಇದ್ದರೆ ಅದರದು 20,000. ಕಲಿಯುವ ಹಂತದಲ್ಲಿ ಅದರ ಗೋಜಿಗೆ ಹೋಗಬೇಡಿ.

ಎಡಕ್ಕೆ ಹೋಗುವುದರ ಬಗ್ಗೆ ಹೆಚ್ಚು ಹೇಳಬೇಕು. ಈ ರಿವಾಲ್ವರಿನ ಟ್ರಿಗರ್ ಎಳೆಯಲು ಹೆಚ್ಚುಕಡಿಮೆ 12 ಪೌಂಡು, ಅಂದರೆ ಐದೂವರೆ ಕಿಲೋದಷ್ಟು ಬಲ ಬೇಕು. ಬಂದೂಕಿನ ತೂಕವೇ ಅರ್ಧ ಕಿಲೋಗಿಂತ ಕಡಿಮೆ. ತನ್ನ ತೂಕದ 13 ಪಟ್ಟು ಬಲದಿಂದ ಎಳೆಯುತ್ತಿರುವ ಬೆರಳಿನ ಮುಂದೆ ಅದು ಅಲುಗದೆ ನಿಲ್ಲಬೇಕೆಂದರೆ ಉಳಿದ ಬೆರಳುಗಳು ಮೊದಲೇ ಬಿಗಿಯಾಗಿದ್ದು, ಎಳೆತದ ನಡುವೆ ಮತ್ತೆ ಬಿಗಿಯಬಾರದು. ಬಲಗೈಯವರು ತೋರುಬೆರಳಿನ ಜೊತೆ ಇಡೀ ಮುಷ್ಟಿಯನ್ನು ಹಸುವಿನ ಕೆಚ್ಚಲು ಹಿಂಡಿದಂತೆ ಹಿಂಡಿದರೆ ನಳಿಗೆ ಕೆಳಕ್ಕೆ, ಎಡಕ್ಕೆ ವಾಲುತ್ತದೆ. ಪಿಸ್ತೂಲಿನಲ್ಲಿ ಬೆರಳಿನ ತುದಿ ಸಾಕು. ಇಲ್ಲಿ ಮೊದಲ ಗೆಣ್ಣಿನ ಗೆರೆಯವರೆಗೆ ಒಳಸೇರಿಸಿದರೆ ಬಲ ಸಿಗುತ್ತದೆ. ಮುಕ್ಕಾಲು ಎಳೆದು, ನಿಲ್ಲಿಸಿ, ಗುರಿ ನೋಡಿ, ಆಮೇಲೆ ಉಳಿದದ್ದನ್ನು ಎಳೆಯುವ ಅಭ್ಯಾಸವನ್ನು ಕೆಲವರು ಹೊಗಳುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಆ ಕೊನೆಯ ಕಾಲು ಭಾಗದಲ್ಲೇ 'ಈಗ ಸಿಡಿಯುತ್ತದೆ' ಎಂದು ಕೈ ಅಂಜುತ್ತದೆ. ಬಾವಿಯಿಂದ ನೀರು ಸೇದುವಂತೆ ಒಂದೇ ಹದದಲ್ಲಿ ಎಳೆಯಿರಿ, ಸಿಡಿದ ಮೇಲೆ ಟ್ರಿಗರನ್ನು ಪೂರ್ತಿ ಮುಂದಕ್ಕೆ ಬಿಡಿ. ಅರ್ಧ ಬಿಟ್ಟು ಮತ್ತೆ ಎಳೆದರೂ ಅದು ಸಿಕ್ಕಿಕೊಳ್ಳುತ್ತದೆ.

ಆದರೆ ನಿಮಗೆ ಸಿಲಿಂಡರೇ ಬಿಗಿಯಾಗಿದ್ದರಿಂದ ಕಾರಣ ಬೇರೆ ಇರಬೇಕು. .38 ಸ್ಪೆಷಲ್ ಹುಟ್ಟಿದ್ದು 1898ರಲ್ಲಿ, ಕರಿಮದ್ದಿನ ಕಾಲದ ಅಂಚಿನಲ್ಲಿ; ಮದ್ದು ತುಂಬುವ ಅದರ ಲೋಹದ ಕೊಳವೆ ಅಷ್ಟು ಉದ್ದವಿರುವುದು ಆ ಮದ್ದಿಗಾಗಿ. ಗಿಡ್ಡ ನಳಿಗೆಯಲ್ಲಿ ಮದ್ದೆಲ್ಲ ಉರಿದು ಮುಗಿಯುವುದಿಲ್ಲ, ಉರಿಯದ ಚೂರುಗಳು ಖಾಲಿ ಕೊಳವೆಗಳಲ್ಲಿ ಉಳಿಯುತ್ತವೆ. ಬಂದೂಕನ್ನು ಅಡ್ಡ ಹಿಡಿದು ಸಿಲಿಂಡರಿನ ಮುಂದಿನ ಕಡ್ಡಿಯನ್ನು ಮೆಲ್ಲಗೆ ಒತ್ತಿದರೆ ಆ ಚೂರುಗಳು ಕೊಳವೆಗಳನ್ನು ಹೊರದಬ್ಬುವ ನಕ್ಷತ್ರಾಕಾರದ ಬಿಲ್ಲೆಯ ಕೆಳಗೆ ಸೇರುತ್ತವೆ; ಬಿಲ್ಲೆ ಕೂದಲೆಳೆಯಷ್ಟು ಎತ್ತರದಲ್ಲಿ ಕುಳಿತರೂ ಸಿಲಿಂಡರ್ ತಿರುಗದು. ನಳಿಗೆಯನ್ನು ನೆಟ್ಟಗೆ ಮೇಲಕ್ಕೆ ಮಾಡಿ, ಕಡ್ಡಿಯನ್ನು ಅಂಗೈಯಿಂದ ಒಂದೇ ಏಟಿಗೆ ಹೊಡೆಯಿರಿ. ಸಣ್ಣ ರಿವಾಲ್ವರಿನಲ್ಲಿ ಈ ಕಡ್ಡಿಯೂ ಗಿಡ್ಡ. ಮೆಲ್ಲಗೆ ಒತ್ತಿದರೆ ಕೊಳವೆಗಳು ಪೂರ್ತಿ ಹೊರಬೀಳುವುದೂ ಇಲ್ಲ. ಕೆಲವು ಒಳಾಂಗಣ ರೇಂಜುಗಳಲ್ಲಿ ನಳಿಗೆಯನ್ನು ಮೇಲಕ್ಕೆ ಮಾಡಲು ಆಕ್ಷೇಪಿಸುತ್ತಾರೆ, ಅಲ್ಲಿನ ಅಧಿಕಾರಿಯನ್ನು ಮೊದಲೇ ಕೇಳಿಕೊಳ್ಳಿ. ಹಳೆಯ ಹಲ್ಲುಜ್ಜುವ ಬ್ರಷ್ಷೊಂದು ಚೀಲದಲ್ಲಿರಲಿ. ಬಿಲ್ಲೆಯ ಕೆಳಗೆ ಎಣ್ಣೆ ಮಾತ್ರ ಬಿಡಬೇಡಿ, ಮಸಿ ಅಂಟಿ ಇನ್ನೂ ಕೆಡುತ್ತದೆ.

ಬೇಂದ್ರೆ ನಗರ (ನ್ಯೂಜೆರ್ಸಿ):

ಇಷ್ಟೆಲ್ಲ ಪಾಡು ಏಕೆ? ಮಾರಿ, ಒಂದು 9 ಎಂಎಂ ಪಿಸ್ತೂಲು ಕೊಳ್ಳಿ.

ಸಂಧ್ಯಾ (ಆಸ್ಟಿನ್):

ಬೇಂದ್ರೆ ನಗರದವರ ಮಾತನ್ನು ಪೂರ್ತಿ ತಳ್ಳಿಹಾಕಲಾರೆ. ಅಂಗಡಿಯವರು ಹೆಂಗಸರನ್ನು ಕಂಡ ಕೂಡಲೇ 'ಚಿಕ್ಕ ಕೈಗೆ ಚಿಕ್ಕ ರಿವಾಲ್ವರ್' ಎಂದು ಇದನ್ನೇ ಮುಂದಿಡುತ್ತಾರೆ. ನನಗೂ ಹಾಗೆಯೇ ಮಾರಿದರು. ಇದೇ ತೋಟೆಯನ್ನು ಒಂದು ಕಿಲೋ ತೂಗುವ, ನಾಲ್ಕು ಅಂಗುಲ ನಳಿಗೆಯ ಹಳೆಯ ಪೊಲೀಸ್ ರಿವಾಲ್ವರಿನಲ್ಲಿ ಹೊಡೆದರೆ ಮಗುವೂ ಅಂಜದು. ಇದರಲ್ಲಿ ಹೊಡೆದಾಗ ನನಗೆ ಮೊದಲ ದಿನ ಕಣ್ಣೀರು ಬಂದಿತ್ತು.

ಮಾರುವ ಮುನ್ನ ಹಿಡಿಕೆಯನ್ನು ಬದಲಿಸಿ ನೋಡಿ. ಜೇಬಿಗೆ ಸುಲಭವಾಗಲೆಂದು ಕೊಟ್ಟಿರುವ ಗಿಡ್ಡ ಹಿಡಿಕೆಯಲ್ಲಿ ಕಿರುಬೆರಳಿಗೆ ಜಾಗವಿಲ್ಲ, ಹಿಂಭಾಗದ ಲೋಹ ನೇರವಾಗಿ ಅಂಗೈಗೆ ಬಡಿಯುತ್ತದೆ. ಹಿಂಭಾಗವನ್ನೂ ಮುಚ್ಚುವ ಉದ್ದನೆಯ ರಬ್ಬರ್ ಹಿಡಿಕೆ ಹಾಕಿದ ಮೇಲೆ ನಾನು ನಲವತ್ತು ಈಡು ಹೊಡೆದೂ ಸಂಜೆ ಚಪಾತಿ ಲಟ್ಟಿಸಬಲ್ಲೆ. ಕೈಯನ್ನು ಆದಷ್ಟು ಮೇಲೆ ಹಿಡಿಯಿರಿ. ಪಿಸ್ತೂಲಿನ ವಿಡಿಯೋಗಳನ್ನು ನೋಡಿ ಎಡಗೈ ಹೆಬ್ಬೆರಳನ್ನು ಮುಂದಕ್ಕೆ ಚಾಚುವ ರೂಢಿ ಇದ್ದರೆ ಇಂದೇ ಬಿಡಿ: ಸಿಲಿಂಡರಿಗೂ ನಳಿಗೆಗೂ ನಡುವಿನ ಸಂದಿನಿಂದ ಬಿಸಿ ಅನಿಲ ಪಕ್ಕಕ್ಕೆ ಚಿಮ್ಮುತ್ತದೆ, ಬೆರಳು ಅಲ್ಲಿದ್ದರೆ ಸುಟ್ಟು ಸೀಳುತ್ತದೆ.

ಇನ್ನೊಂದು ಸಣ್ಣ ಉಪಾಯ. ಬೆಳ್ಳಿ ಬಣ್ಣದ ಮುಂದಿನ ಸೈಟು ದೀಪದ ಬೆಳಕಿನಲ್ಲಿ ಕಾಣುವುದೇ ಇಲ್ಲ. ಅದರ ಮೇಲೆ ಮೊದಲು ಬಿಳಿ, ಆಮೇಲೆ ಕಿತ್ತಳೆ ನೇಲ್ ಪಾಲಿಶ್ ಬಳಿದಿದ್ದೇನೆ. ಕಿವಿಗೆ ಮಾತ್ರ ಜಿಪುಣತನ ಬೇಡ; ಗಿಡ್ಡ ನಳಿಗೆಯ ಸದ್ದು ಒಳಾಂಗಣದಲ್ಲಿ ಬಹಳ ಕೆಟ್ಟದ್ದು, ಒಳಗೆ ಬೆಣೆ, ಹೊರಗೆ ಮಫ್ ಎರಡೂ ಇರಲಿ.

ಕಾಫಿ ತೋಟ (ಮಡಿಕೇರಿ):

ನಾನು ಊರಿನಲ್ಲೇ ಇರುವವನು, ನನ್ನದು ಪರವಾನಗಿಯ .32 ರಿವಾಲ್ವರ್. ನಮ್ಮಲ್ಲಿ 2014ರಲ್ಲಿ ಕಾನ್ಪುರದ ಕಾರ್ಖಾನೆಯಿಂದ ಅರ್ಧ ಕಿಲೋ ಆಸುಪಾಸಿನ ತೂಕದ 'ನಿರ್ಭೀಕ್' ಬಂದಾಗ ಮಹಿಳೆಯರಿಗೆ ಹಗುರ ರಿವಾಲ್ವರ್ ಎಂದು ಪ್ರಚಾರ ನಡೆದಿತ್ತು. ಸಂಧ್ಯಾ ಅವರ ಮಾತು ಓದಿ ಅದು ನೆನಪಾಯಿತು. .32ರ ಏಟು ನಿಮ್ಮ .38ಕ್ಕಿಂತ ಮೆತ್ತಗೆ, ಆದರೆ ತೋಟೆ ದುಬಾರಿ, ಪರವಾನಗಿಯಲ್ಲಿ ಬರೆದಷ್ಟೇ ಕೊಳ್ಳಬಹುದು. ನಿಮ್ಮಂತೆ ಒಂದು ಮಧ್ಯಾಹ್ನದಲ್ಲಿ ನೂರು ಹೊಡೆಯುವುದು ನಮಗೆ ಕನಸು. ಆ ಬಡತನವೇ ನಮಗೆ ಖಾಲಿ ಅಭ್ಯಾಸವನ್ನು ಕಲಿಸಿತು.

ತೋಟೆಗಳನ್ನೆಲ್ಲ ಬೇರೆ ಕೋಣೆಯಲ್ಲಿಟ್ಟು ಬಾಗಿಲು ಹಾಕಿ, ಸಿಲಿಂಡರನ್ನು ಕಣ್ಣಿನಿಂದಲೂ ಬೆರಳಿನಿಂದಲೂ ಎರಡು ಸಲ ಪರೀಕ್ಷಿಸಿ, ಮದ್ದಿಲ್ಲದ ಡಮ್ಮಿ ತೋಟೆಗಳನ್ನು ತುಂಬಿ, ಗುಂಡು ದಾಟಲಾರದ ಗೋಡೆಯ ಮೇಲಿನ ಒಂದು ಚುಕ್ಕಿಗೆ ದಿನಕ್ಕೆ ಇಪ್ಪತ್ತು ಸಲ ಟ್ರಿಗರ್ ಎಳೆಯಿರಿ. ಸೈಟು ಅಲುಗಿದರೆ ಆ ಎಳೆತವನ್ನು ಲೆಕ್ಕಕ್ಕೆ ಹಿಡಿಯಬೇಡಿ. ರೇಂಜಿನಲ್ಲಿ ಸಿಲಿಂಡರಿನ ಐದು ತೋಟೆ ಕುಳಿಗಳಲ್ಲಿ ಎರಡಕ್ಕೆ ಡಮ್ಮಿ, ಉಳಿದವಕ್ಕೆ ನಿಜವಾದ ತೋಟೆ ಹಾಕಿ, ಕಣ್ಣುಮುಚ್ಚಿ ಸಿಲಿಂಡರ್ ತಿರುಗಿಸಿ ಮುಚ್ಚಿದರೆ ಯಾವುದು ಸಿಡಿಯುತ್ತದೆಂದು ನಿಮಗೇ ತಿಳಿಯದು. ಡಮ್ಮಿಯ ಮೇಲೆ ಬಡಿದಾಗ ನಳಿಗೆ ತಲೆ ಬಾಗಿಸಿದರೆ, ಎಡಕ್ಕೆ ಹೋದ ಗುಂಡುಗಳ ಕಥೆ ಅಲ್ಲೇ ಇದೆ.

ಹಳೇ ಗುರಿಕಾರ (ಒಹಾಯೊ):

ಕಾಫಿ ತೋಟದವರ ಸಲಹೆಗೆ ಒಂದು ಸೇರ್ಪಡೆ. ನಿಜವಾದ ತೋಟೆ ಸಿಡಿಯದೆ ಬರೀ 'ಟಕ್' ಎಂದರೆ ಮತ್ತೆ ಟ್ರಿಗರ್ ಎಳೆಯದೆ, ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಮೂವತ್ತು ಸೆಕೆಂಡು ಕಾಯಿರಿ. ತಡವಾಗಿ ಸಿಡಿಯುವ ತೋಟೆಯಿದ್ದರೆ, ಮುಂದಿನ ಎಳೆತದಲ್ಲಿ ಅದು ನಳಿಗೆಯ ಸಾಲಿನಿಂದ ಪಕ್ಕಕ್ಕೆ ಸರಿದಿರುತ್ತದೆ. ಸದ್ದು 'ಪುಸ್' ಎಂದು ಸೊರಗಿ ಬಂದರೆ ಅಲ್ಲಿಗೇ ನಿಲ್ಲಿಸಿ, ಗುಂಡು ನಳಿಗೆಯಲ್ಲೇ ಕುಳಿತಿರಬಹುದು. ಡಮ್ಮಿ ಅಭ್ಯಾಸ ಮಾಡುವ ದಿನ ಈ ಎರಡನ್ನೂ ಮರೆತು ಗೊಂದಲ ಮಾಡಿಕೊಳ್ಳುವವರನ್ನು ನೋಡಿದ್ದೇನೆ.

ವಿರಾಜಪೇಟೆಯವ (ಟೆಕ್ಸಸ್):

ಮೂರು ವಾರದ ಬಳಿಕ ಬರೆಯುತ್ತಿದ್ದೇನೆ. ಅಣ್ಣನ ಮಗನನ್ನು ಕರೆದೊಯ್ಯಲಿಲ್ಲ. ಅವನಿಗೆ ತುಸು ಬೇಸರವಾಯಿತು, ಅಣ್ಣನಿಗೆ ಸಮಾಧಾನವಾಯಿತು.

ಮರಳು ಚೀಲದ ಮೇಲೆ 110 ಗ್ರೇನಿನ ಐದೂ ಒಂದೂವರೆ ಅಂಗುಲ ಕೆಳಗೆ ಬಿದ್ದವು, ಆದರೆ ಎಡಕ್ಕಲ್ಲ. 158 ಗ್ರೇನಿನವು ಸೈಟಿನ ಮೇಲಂಚಿಗೇ ಬಿದ್ದವು. ಅಲ್ಲಿಗೆ ಬಂದೂಕಿನ ಮೇಲಿನ ಆರೋಪ ಖುಲಾಸೆಯಾಯಿತು. ಆಮೇಲೆ ಡಮ್ಮಿ ಪರೀಕ್ಷೆ ಮಾಡಿದೆ. ಮೊದಲ ಡಮ್ಮಿಯ ಮೇಲೆ ನಳಿಗೆ ಮುಗ್ಗರಿಸಿದ್ದನ್ನು ಪಕ್ಕದ ಸಾಲಿನ ಅಪರಿಚಿತರೂ ಕಂಡು ನಕ್ಕರು. ಉದ್ದ ಹಿಡಿಕೆ ಹಾಕಿಸಿದ್ದೇನೆ, ನೇಲ್ ಪಾಲಿಶ್ ಹೆಂಡತಿಯ ಡಬ್ಬಿಯಿಂದ ಬಂತು. ಈಗ ಮೂರು ಗಜದಿಂದ ಆರಂಭಿಸಿ, ಐದಕ್ಕೆ ಐದೂ ಅಂಗೈಯಗಲದೊಳಗೆ ಬಿದ್ದರೆ ಮಾತ್ರ ಐದು ಗಜಕ್ಕೆ ಹೋಗುತ್ತೇನೆ. ನಲವತ್ತು ಈಡಿಗೆ ನಿಲ್ಲಿಸಿ, ಬ್ರಷ್ಷಾಡಿಸಿ, ಸೀಸದ ಪುಡಿ ಹೋಗಲೆಂದು ಕೈಯನ್ನು ಸಾಬೂನಿನಿಂದ ತಣ್ಣೀರಿನಲ್ಲಿ ತೊಳೆದು ಮನೆಗೆ ಬರುತ್ತೇನೆ. ಸಿಲಿಂಡರ್ ಮತ್ತೆ ಬಿಗಿಯಾಗಿಲ್ಲ.

ಏಳು ಗಜದಲ್ಲಿ ಐದನೆಯ ಈಡು ಮಾತ್ರ ಇನ್ನೂ ಎಡಕ್ಕೆ ಹೋಗುತ್ತಿದೆ. ಮೊದಲ ನಾಲ್ಕು ಸರಿ. ಕೊನೆಯದೆಂದು ಕೈಗೆ ಗೊತ್ತಾಗಿಬಿಡುತ್ತದೆಯೋ ಏನೋ. ಮುಂದಿನ ಶನಿವಾರ ಎಷ್ಟು ತುಂಬಿದೆ ಎಂದು ನನಗೆ ತಿಳಿಯದಂತೆ ಹೆಂಡತಿಯ ಕೈಯಲ್ಲಿ ತುಂಬಿಸಿಕೊಂಡು ಹೊಡೆದು ನೋಡುತ್ತೇನೆ.