ಎಲೆಕ್ಟ್ರಿಕ್ ಪಿಕಪ್ ಸ್ಟೀರಿಂಗ್ ಸದ್ದು: ಮೆಕ್ಯಾನಿಕ್ ಜೊತೆ ಪ್ರಶ್ನೋತ್ತರ

ಮೆಕ್ಯಾನಿಕ್: ಸ್ಟೀರಿಂಗ್, ಸಸ್ಪೆನ್ಷನ್ ಕೆಲಸ ನನ್ನದು. ಕೇಳಿ. ಆದರೆ ಸುಮ್ನೆ "ಸೌಂಡ್ ಬರ್ತಿದೆ" ಅಂದರೆ ಏನೂ ಗೊತ್ತಾಗುವುದಿಲ್ಲ. ಗಾಡಿ ನಿಂತಾಗಲೋ ಓಡುವಾಗಲೋ, ಪೂರ್ತಿ ತಿರುಗಿಸಿದಾಗಲೋ ಸ್ವಲ್ಪಕ್ಕೋ, ಸದ್ದಿನ ಜೊತೆ ಕೈಗೆ ಏನಾದರೂ ತಟ್ಟುತ್ತದೆಯೋ, ಇಷ್ಟು ಬರೆಯಿರಿ.

ಹೊಸಬ: ಸರ್, ನಿಂತ ಗಾಡಿಯಲ್ಲಿ ಸ್ಟೀರಿಂಗ್ ತಿರುಗಿಸಿದರೆ ಮುಂದಿನಿಂದ ಸಣ್ಣಗೆ ಗುಂಯ್ ಅನ್ನುತ್ತದೆ. ಕೈಗೆ ಏನೂ ಗೊತ್ತಾಗುವುದಿಲ್ಲ.

ಮೆಕ್ಯಾನಿಕ್: ಸ್ಟೀರಿಂಗ್ ಮೋಟಾರ್ ಸದ್ದು ಅದು. ಇಂಜಿನ್ ಇಲ್ಲದ ಗಾಡಿ, ಎಲ್ಲಾ ಕೇಳಿಸುತ್ತದೆ. ಎಡಕ್ಕೂ ಬಲಕ್ಕೂ ಒಂದೇ ತರ ಇದ್ದು, ಬರಬರುತ್ತಾ ಜಾಸ್ತಿ ಆಗದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಕೊನೆಯವರೆಗೂ ತಿರುಗಿಸಿ ಒತ್ತಿ ಹಿಡಿಯಬೇಡಿ ಅಷ್ಟೇ, ಮೋಟಾರ್ ಬಿಸಿಯಾಗುತ್ತದೆ.

ಕೆಂಪು ಪಿಕಪ್: ದೊಡ್ಡ ಟೈರ್ ಹಾಕಿಸಿದ ಮೇಲೆ, ಪೂರ್ತಿ ತಿರುಗಿಸಿ ರಿವರ್ಸ್ ತೆಗೆದಾಗ ಪರಪರ ಅಂತ ಉಜ್ಜುವ ಸದ್ದು.

ಮೆಕ್ಯಾನಿಕ್: ಪ್ರಶ್ನೆಯಲ್ಲೇ ಉತ್ತರ ಇದೆ ಅಲ್ವಾ? ಚಕ್ರದ ಮೇಲಿನ ಪ್ಲಾಸ್ಟಿಕ್ ಲೈನರ್ ನೋಡಿ, ಉಜ್ಜಿ ಹೊಳಪು ಬಂದ ಪಟ್ಟಿ ಕಾಣುತ್ತದೆ.

ಲೋಡ್ ಅಣ್ಣ: ನಿಂತಲ್ಲೇ ತಿರುಗಿಸಿದರೆ ಸ್ಪ್ರಿಂಗ್ ಸಿಡಿದ ಹಾಗೆ ಟಣ್ ಅನ್ನುತ್ತೆ. ಸ್ಟ್ರಟ್ ಬೇರಿಂಗ್ ಅಂತ ಹೇಳಿದರು, ಹೌದಾ?

ಮೆಕ್ಯಾನಿಕ್: ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಒಂದೇ ಕಂಬದಲ್ಲಿದ್ದು ಸ್ಟೀರಿಂಗ್ ಜೊತೆ ತಿರುಗುವ ಜೋಡಣೆ) ಇದ್ದರೆ ಹೌದು. ದೊಡ್ಡ ಪಿಕಪ್‌ಗಳಲ್ಲಿ ಜಾಸ್ತಿ ಇರುವುದು ಚಕ್ರವನ್ನು ಮೇಲೊಂದು ಕೆಳಗೊಂದು ತೋಳು ಹಿಡಿಯುವ ಡಬಲ್ ವಿಶ್‌ಬೋನ್. ಅದರಲ್ಲಿ ಸ್ಟೀರಿಂಗ್ ಜೊತೆ ಸ್ಪ್ರಿಂಗ್ ತಿರುಗುವುದೇ ಇಲ್ಲ. ಹಾಗಿದ್ದರೆ ಬಾಲ್ ಜಾಯಿಂಟ್ (ಚಕ್ರ ತಿರುಗಲು ಬಿಡುವ ಗುಂಡು ಕೀಲು) ಚೆಕ್ ಮಾಡಿಸಿ, ಸುಮ್ನೆ ಬೇರಿಂಗಿಗೆ ದುಡ್ಡು ಹಾಕಬೇಡಿ.

ಮಣ್ಣುದಾರಿ: ಗುರುಗಳೇ, ಹಿಂದೆ ಒಂದು ಸಲ ಮೊಣಕಾಲುದ್ದ ನೀರಿನಲ್ಲಿ ಗಾಡಿ ಹಾಯಿಸಿದ್ದೆ. ಆಗ ಏನೂ ಆಗಲಿಲ್ಲ. ಈಗ ನಿಧಾನಕ್ಕೆ ತಿರುಗಿಸುವಾಗ ಕೆಳಗಿನಿಂದ ಗರಗರ ಸದ್ದು. ಬೆಳಿಗ್ಗೆ ಜಾಸ್ತಿ, ಸ್ವಲ್ಪ ಓಡಿದ ಮೇಲೆ ಕಡಿಮೆ. ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುತ್ತಿಲ್ಲ, ನಾನೇ ಎಳೆದು ತರಬೇಕು. ಡ್ಯಾಶ್ ಮೇಲೆ ಲೈಟ್ ಏನೂ ಇಲ್ಲ.

ಮೆಕ್ಯಾನಿಕ್: ಮೊದಲು ಗಾಡಿ ಓಡಿಸುವುದು ನಿಲ್ಲಿಸಿ, ಆಮೇಲೆ ಇದನ್ನು ಓದಿ. ಬೇರೆಯವರ ಸದ್ದು ಕಿವಿಗೆ ಮಾತ್ರ, ನಿಮ್ಮದು ಕೈಗೂ ಬಂದಿದೆ.

ಈ ಗಾತ್ರದ ಗಾಡಿಗಳಲ್ಲಿ ಸ್ಟೀರಿಂಗ್ ಮೋಟಾರ್ ಸಾಮಾನ್ಯವಾಗಿ ಕೆಳಗೆ, ಮುಂದಿನ ಚಕ್ರಗಳನ್ನು ಎಡಬಲಕ್ಕೆ ತಿರುಗಿಸುವ ಅಡ್ಡ ಸರಳಾದ ರ್‍ಯಾಕ್‌ಗೆ ಅಂಟಿಕೊಂಡೇ ಇರುತ್ತದೆ. ಅದು ಒಂದು ಹಲ್ಲಿನ ಬೆಲ್ಟ್ ಎಳೆಯುತ್ತದೆ, ಬೆಲ್ಟ್ ಒಂದು ನಟ್ ತಿರುಗಿಸುತ್ತದೆ, ಆ ನಟ್‌ಗೂ ರ್‍ಯಾಕ್ ಮೇಲಿನ ತಿರುಪಿಗೂ ಮಧ್ಯೆ ಸಣ್ಣ ಉಕ್ಕಿನ ಗುಂಡುಗಳು ಉರುಳುತ್ತವೆ. ಇದೆಲ್ಲಾ ಒಣಗಿರಲಿ ಅಂತ ರ್‍ಯಾಕಿನ ಎರಡೂ ತುದಿಗೆ ಮಡಿಕೆ ಮಡಿಕೆಯ ರಬ್ಬರ್ ಬೂಟ್ ಹಾಕಿರುತ್ತಾರೆ. ಬೂಟ್ ಸೀಳಿದ್ದರೆ, ಇಲ್ಲಾ ಕ್ಲಾಂಪ್ ಸಡಿಲ ಇದ್ದರೆ ನೀರು ಒಳಗೆ ಹೋಗುತ್ತದೆ, ಹೋದದ್ದು ಅಲ್ಲೇ ಕೂರುತ್ತದೆ. ಉಕ್ಕಿಗೆ ತುಕ್ಕು ಹಿಡಿಯುತ್ತದೆ. ರಾತ್ರಿಯೆಲ್ಲಾ ನಿಂತರೆ ಕಚ್ಚಿಕೊಳ್ಳುತ್ತದೆ, ಓಡಿದರೆ ಸ್ವಲ್ಪ ಸವೆದು ಸಲೀಸಾಗುತ್ತದೆ. ನಿಮ್ಮ ಬೆಳಗಿನ ಗರಗರ ಹೀಗೇ ಅಂತ ನನ್ನ ಅನುಮಾನ.

ಲೈಟ್ ಬಂದಿಲ್ಲ ಅಂತ ಧೈರ್ಯ ಬೇಡ. ತುಕ್ಕು ನೋಡುವ ಸೆನ್ಸರ್ ಒಳಗಿಲ್ಲ. ರ್‍ಯಾಕ್ ಬಿಗಿಯಾದಷ್ಟೂ ಮೋಟಾರ್ ಜಾಸ್ತಿ ಕರೆಂಟ್ ಎಳೆದು ಜೋರಾಗಿ ತಳ್ಳುತ್ತದೆ, ಹಾಗಾಗಿ ನಿಮ್ಮ ಕೈಗೆ ತಡವಾಗಿ ಗೊತ್ತಾಗುತ್ತದೆ. ರಿವಿಯನ್ ಆರ್1ಟಿ ಪಿಕಪ್ ತೂಕ ಸುಮಾರು 3.2 ಟನ್, ಹಮ್ಮರ್ ಇವಿ 4 ಟನ್ ದಾಟುತ್ತದೆ. ಇಂಥ ಗಾಡಿ ತಿರುವಿನ ಮಧ್ಯೆ ಮೋಟಾರ್ ಸಹಾಯ ಕೈಬಿಟ್ಟರೆ ಬರೀ ತೋಳಿನಿಂದ ತಿರುಗಿಸಬೇಕು. ರ್‍ಯಾಕೇ ಕಚ್ಚಿಕೊಂಡರೆ ಅದೂ ಆಗುವುದಿಲ್ಲ.

ನೀವು ನೋಡಬಹುದಾದದ್ದು ಇಷ್ಟು. ಗಾಡಿ ನೆಲದ ಮೇಲೇ ಇರಲಿ. ಸ್ಟೀರಿಂಗ್ ಒಂದು ಕಡೆಗೆ ಪೂರ್ತಿ ತಿರುಗಿಸಿ, ಆಫ್ ಮಾಡಿ, ಚಕ್ರದ ಹಿಂದೆ ಟಾರ್ಚ್ ಬಿಡಿ. ಬೂಟಿನ ಮಡಿಕೆಗಳ ಸಂದಿಯಲ್ಲಿ ಬೆರಳಾಡಿಸಿ, ಸೀಳು ಇರುವುದು ಸಾಮಾನ್ಯವಾಗಿ ಅಲ್ಲೇ. ಮೆಲ್ಲಗೆ ಹಿಂಡಿ. ಒಳಗೆ ಬುಳುಬುಳು ಅಂದರೆ, ಅಥವಾ ಬೆರಳಿಗೆ ಇಟ್ಟಿಗೆ ಬಣ್ಣದ ನೀರು ಹತ್ತಿದರೆ ಮುಗಿಯಿತು. ಇನ್ನೊಂದು ಕಡೆಯದನ್ನೂ ಹಾಗೇ ನೋಡಿ. ಕಿತ್ತಳೆ ಬಣ್ಣದ ಹೈ ವೋಲ್ಟೇಜ್ ಕೇಬಲ್ ಮುಟ್ಟಬೇಡಿ. ಜಾಕ್ ಒಂದನ್ನೇ ನಂಬಿ ಗಾಡಿ ಕೆಳಗೆ ನುಗ್ಗಬೇಡಿ.

ಬಾಲ್ ಜಾಯಿಂಟ್ ಬಿಗಿಯಾದರೂ, ಕಾಲಮ್ (ಸ್ಟೀರಿಂಗಿನಿಂದ ಕೆಳಗಿಳಿಯುವ ಸರಳು) ಕೆಳಗಿನ ಯೂನಿವರ್ಸಲ್ ಜಾಯಿಂಟಿಗೆ ತುಕ್ಕು ಹಿಡಿದರೂ ಸ್ಟೀರಿಂಗ್ ವಾಪಸ್ ಬರುವುದಿಲ್ಲ, ನಿಜ. ವರ್ಕ್‌ಶಾಪಿನಲ್ಲಿ ರ್‍ಯಾಕನ್ನು ಚಕ್ರಕ್ಕೆ ಜೋಡಿಸುವ ಟೈ ರಾಡ್ ಎಂಡ್ ಎರಡೂ ಕಳಚಿ ತಿರುಗಿಸಿ ನೋಡಲು ಹೇಳಿ. ಗರಗರ ನಿಂತರೆ ಚಕ್ರದ ಕಡೆಯದು. ನಿಲ್ಲದಿದ್ದರೆ ಕಾಲಮ್ ಬಿಡಿಸಿ ಇನ್ನೊಮ್ಮೆ ನೋಡಬೇಕು, ಆಗಲೂ ಇದ್ದರೆ ರ್‍ಯಾಕೇ. ತುಕ್ಕು ಹಿಡಿದ ರ್‍ಯಾಕಿಗೆ ಹೊಸ ಬೂಟ್ ಹಾಕಿ ಕಳಿಸುವವರಿದ್ದಾರೆ, ಒಪ್ಪಬೇಡಿ. ರ್‍ಯಾಕ್ ಬದಲಾಯಿಸಿ, ಅಲೈನ್‌ಮೆಂಟ್ ಮಾಡಿ, ಸ್ಟೀರಿಂಗ್ ಆಂಗಲ್ ಸೆನ್ಸರ್ ಸೆಟ್ ಮಾಡಬೇಕು.

ಬಿಳಿ ಗಾಡಿ: ರೀಜನ್ ಬ್ರೇಕಿಂಗ್ (ಪೆಡಲ್ ಬಿಟ್ಟಾಗ ಮೋಟಾರೇ ಗಾಡಿ ನಿಧಾನ ಮಾಡುವುದು) ಹಿಡಿದಾಗ ಮುಂದೆ ಕಟ್ ಅಂತ ಒಂದೇ ಸದ್ದು. ಆಗ ಸ್ಟೀರಿಂಗ್ ಕೂಡ ಒಂಚೂರು ಅದುರುತ್ತದೆ. ಏನಿರಬಹುದು?

ಶೇರ್ ಮಾಡಿ: ಫಾರ್ವರ್ಡ್ ಬಂದಿದ್ದು: "ಯಾವುದೇ ಗಾಡಿಯ ಸ್ಟೀರಿಂಗ್ ಸದ್ದಿಗೆ ಪವರ್ ಸ್ಟೀರಿಂಗ್ ಆಯಿಲ್ ಟಾಪ್ ಅಪ್ ಮಾಡಿ, ರ್‍ಯಾಕಿಗೆ ಡಬ್ಲ್ಯೂಡಿ-40 ಹೊಡೆಯಿರಿ, 5 ನಿಮಿಷದಲ್ಲಿ ಗುಣ." ಎಲ್ಲರಿಗೂ ಉಪಯೋಗ ಆಗಲಿ.

ಮೆಕ್ಯಾನಿಕ್: ಯಾರಿಗೂ ಉಪಯೋಗ ಆಗುವುದಿಲ್ಲ. ಇವು ಮೋಟಾರ್ ಸ್ಟೀರಿಂಗ್, ಆಯಿಲ್ ಹಾಕುವ ಡಬ್ಬಿಯೇ ಇಲ್ಲ. ಬಾನೆಟ್ ಕೆಳಗೆ ಕಾಣುವ ಪ್ಲಾಸ್ಟಿಕ್ ಡಬ್ಬಿ ಬ್ಯಾಟರಿ, ಮೋಟಾರ್ ತಣ್ಣಗಿಡುವ ಕೂಲೆಂಟಿನದು. ಅದಕ್ಕೆ ಎಣ್ಣೆ ಸುರಿದರೆ ಸ್ಟೀರಿಂಗ್ ಸದ್ದಿಗಿಂತ ಎಷ್ಟೋ ದೊಡ್ಡ ಖರ್ಚು ಮೈಮೇಲೆ ಬರುತ್ತದೆ. ಆ ಸ್ಪ್ರೇ ಗ್ರೀಸ್ ತೊಳೆದುಬಿಡುತ್ತದೆ. ಒಂದು ದಿನ ಸದ್ದು ನಿಲ್ಲುತ್ತದೆ, ಆಮೇಲೆ ಒಣ ಲೋಹ ತಿಕ್ಕುತ್ತದೆ.

ಹಳೇ ಡ್ರೈವರ್: ಈಗಿನ ಎಲೆಕ್ಟ್ರಿಕ್ ಪಿಕಪ್‌ಗಳಲ್ಲಿ ಸ್ಟೀರಿಂಗಿಗೂ ಚಕ್ರಕ್ಕೂ ಕಬ್ಬಿಣದ ಸಂಬಂಧವೇ ಇಲ್ಲ, ಎಲ್ಲಾ ವೈರ್. ಕಾಲಮ್ ಎಲ್ಲಿಂದ ಬಂತು?

ಕೆಂಪು ಪಿಕಪ್: ಎಲ್ಲದರಲ್ಲೂ ಅಲ್ಲ. ಟೆಸ್ಲಾದ ಸೈಬರ್‌ಟ್ರಕ್ ಹಾಗೆ. ಫೋರ್ಡ್ ಲೈಟ್ನಿಂಗ್, ಆರ್1ಟಿಯಲ್ಲಿ ಕಾಲಮ್ ಇದೆ.

ಹಳೇ ಡ್ರೈವರ್: ನಾನು ಹೇಳಿದ್ದೂ ಅದೇ. ವೈರ್ ಸ್ಟೀರಿಂಗ್ ಮೊದಲು ತಂದವರೇ ಅವರು.

ಕೆಂಪು ಪಿಕಪ್: ನೀವು ಹೇಳಿದ್ದು ಅದಲ್ಲ, ಮೇಲೆ ಓದಿ. ಮತ್ತೆ ಮೊದಲೂ ಅಲ್ಲ. ಇನ್ಫಿನಿಟಿ ಕ್ಯೂ50 ಕಾರಿನಲ್ಲಿ 2013ರಲ್ಲೇ ಬಂದಿತ್ತು.

ಹಳೇ ಡ್ರೈವರ್: ಅದರಲ್ಲಿ ಕಾಲಮ್ ಇತ್ತು, ವೈರ್ ಕೈಕೊಟ್ಟರೆ ಕ್ಲಚ್ ಕೂಡಿಕೊಳ್ಳುತ್ತಿತ್ತು. ಅರ್ಧ ತಿಳಿದುಕೊಂಡು ಪಾಠ ಮಾಡಬೇಡಿ. ನಾನು ಲೋಡ್ ಗಾಡಿ ಹತ್ತಿದಾಗ ನೀವು ಹುಟ್ಟಿದ್ದಿರೋ ಇಲ್ಲವೋ.

ಕೆಂಪು ಪಿಕಪ್: ವಯಸ್ಸು ಹೇಳಿದರೆ ವಾದ ಗೆದ್ದ ಹಾಗಾ?

ಮೆಕ್ಯಾನಿಕ್: ಇಬ್ಬರೂ ಬೇರೆ ಕಡೆ ಹೋಗಿ ಜಗಳ ಆಡಿ. ಕಾಲಮ್ ಇಲ್ಲದ ಗಾಡಿಯಲ್ಲೂ ರ್‍ಯಾಕ್, ಟೈ ರಾಡ್, ಬಾಲ್ ಜಾಯಿಂಟ್ ಇರುತ್ತವೆ.

ಬಿಳಿ ಗಾಡಿ: ಸರ್, ನನ್ನ ಪ್ರಶ್ನೆ ಮೇಲೆ ಹೋಯಿತು.

ಪುಟ್ಟ: ತಿರುಗಿಸುವಾಗ ಸ್ಟೀರಿಂಗ್ ಒಳಗೇ ಕಾಗದ ಉಜ್ಜಿದಂತೆ ಸದ್ದು. ಹಾರ್ನ್ ಒಮ್ಮೊಮ್ಮೆ ಆಗುವುದಿಲ್ಲ. ಬಿಚ್ಚಿ ನೋಡಲಾ?

ಮೆಕ್ಯಾನಿಕ್: ಬಿಚ್ಚಬೇಡಿ. ಕ್ಲಾಕ್ ಸ್ಪ್ರಿಂಗ್ (ಸ್ಟೀರಿಂಗ್ ಒಳಗಿನ ಸುರುಳಿ ಕೇಬಲ್) ಇರಬೇಕು. ಏರ್‌ಬ್ಯಾಗ್ ವೈರ್ ಅದರಲ್ಲೇ ಹಾಯುತ್ತದೆ. ಗೊತ್ತಿರುವವರಿಂದ ಬೇಗ ಮಾಡಿಸಿ.

ರಾತ್ರಿ ಪಾಳಿ: ನಿಂತಾಗ ಗುಂಯ್ ಅನ್ನುತ್ತೆ ಸರ್, ಕಾರಣ?

ಮೆಕ್ಯಾನಿಕ್: ಮೇಲೆ ಓದಿ.

ಸಿಂಪಲ್: ನಂದೂ ಗುಂಯ್.

ಮೆಕ್ಯಾನಿಕ್: ಮೇಲೆ.

ಶೇರ್ ಮಾಡಿ: ಇಷ್ಟು ಸಿಟ್ಟು ಯಾಕೆ ಸರ್? ಆ ಫಾರ್ವರ್ಡ್ ಲಕ್ಷ ಜನ ನೋಡಿದ್ದಾರೆ.

ಮೆಕ್ಯಾನಿಕ್: ರಿಪೇರಿ ಬಿಲ್ಲನ್ನೂ ಅವರಿಗೇ ಕಳಿಸಿ.

ಮಣ್ಣುದಾರಿ: ನೋಡಿದೆ ಗುರುಗಳೇ. ಎಡಗಡೆ ಬೂಟ್ ಒಳ ಮಡಿಕೆಯಲ್ಲಿ ಉಗುರಿನಷ್ಟು ಸೀಳು. ಹಿಂಡಿದರೆ ಕಂದು ನೀರು ಬಂತು. ವರ್ಕ್‌ಶಾಪ್ ಹತ್ತಿರವೇ ಇದೆ, ನಿಧಾನಕ್ಕೆ ಓಡಿಸಿಕೊಂಡು ಹೋಗಲಾ?

ಮೆಕ್ಯಾನಿಕ್: ಬೇಡ. ಹತ್ತಿರ ಇದ್ದರೂ ಬೇಡ. ಫ್ಲಾಟ್‌ಬೆಡ್ ಕರೆಸಿ. ಹಗ್ಗ ಕಟ್ಟಿ ಎಳೆಸುವುದೂ ಬೇಡ, ಚಕ್ರ ಉರುಳಿದರೆ ಡ್ರೈವ್ ಮೋಟಾರ್ ಕೂಡ ತಿರುಗುತ್ತದೆ, ಅದು ಹಾಳಾಗಬಹುದು. ನಾಲ್ಕೂ ಚಕ್ರ ಮೇಲೆ ಇರಬೇಕು.

ಹಳೇ ಡ್ರೈವರ್: ನಮ್ಮ ಕಾಲದಲ್ಲಿ ಹಗ್ಗದಲ್ಲೇ ಎಳೀತಿದ್ವಿ.

ಕೆಂಪು ಪಿಕಪ್: ಶುರುವಾಯ್ತು.

ಬಿಳಿ ಗಾಡಿ: ರೀಜನ್ ಸದ್ದಿಗೆ ಯಾರಾದರೂ ಹೇಳ್ತೀರಾ?