ವೇದಿಕೆಯ ಮೇಲೆ ಮಗಳು, ಕೆಳಗೆ ನನ್ನ ಕಣ್ಣೀರು: ನೀವು ಹೇಗೆ ನಿಭಾಯಿಸಿದಿರಿ?

ಕೇಳುತ್ತಿರುವವರು: ಏಳು ವರ್ಷದ ಹುಡುಗಿಯ ತಾಯಿ

ಕಳೆದ ವರ್ಷ ಶಾಲೆಯ ಕಾರ್ಯಕ್ರಮದಲ್ಲಿ ನನ್ನ ಮಗಳು ಗುಂಪು ಹಾಡಿನಲ್ಲಿದ್ದಳು. ಮುಂದಿನ ಸಾಲು, ಬಲದಿಂದ ಮೂರನೆಯವಳು. ಪರದೆ ಸರಿಯಿತು, ಅವಳು ಕಂಡಳು, ಅಷ್ಟೇ. ಅವಳು ಬಾಯಿ ತೆರೆಯುವ ಮೊದಲೇ ನನ್ನ ಗಂಟಲು ಕಟ್ಟಿತು. ಹಾಡು ಮುಗಿಯುವವರೆಗೂ ಕಣ್ಣೀರು ನಿಲ್ಲಲಿಲ್ಲ. ಹಾಡನ್ನು ನಾನು ಸರಿಯಾಗಿ ಕೇಳಿಯೇ ಇಲ್ಲ. ಹೊರಗೆ ಬಂದ ಮಗಳು ನನ್ನ ಮುಖ ನೋಡಿ, “ಅಮ್ಮಾ, ನಾನು ತಪ್ಪು ಹಾಡಿದೆನೇ?” ಎಂದು ಕೇಳಿದಳು. ಇಲ್ಲ ಕಂದಾ, ಸಂತೋಷಕ್ಕೆ ಅತ್ತೆ ಎಂದೆ. ಅವಳು ನಂಬಿದ ಹಾಗೆ ಕಾಣಲಿಲ್ಲ. ಮುಂದಿನ ತಿಂಗಳು ನಾಟಕವಿದೆ, ಅವಳಿಗೆ ನಾಲ್ಕು ಮಾತುಗಳ ಪಾತ್ರ. “ಈ ಸಲ ಅಳಬೇಡಮ್ಮಾ” ಎಂದು ಈಗಲೇ ಹೇಳಿಟ್ಟಿದ್ದಾಳೆ. ನನ್ನ ಮೇಲೆ ನನಗೇ ಭರವಸೆಯಿಲ್ಲ. ಈ ಅನುಭವ ಆದವರು ಏನು ಮಾಡಿದಿರಿ, ದಯವಿಟ್ಟು ಹೇಳಿ.

ಇಬ್ಬರು ಮಕ್ಕಳ ತಂದೆ

ತಡೆದುಕೊಳ್ಳುವ ಉಪಾಯಗಳನ್ನು ಬೇರೆಯವರು ಹೇಳಬಹುದು. ನನಗೆ ನಿಮ್ಮ ಮಗಳ ಪ್ರಶ್ನೆಯೇ ದೊಡ್ಡದಾಗಿ ಕಂಡಿತು. ಮಕ್ಕಳಿಗೆ ಕಣ್ಣೀರಿನ ಪರಿಚಯ ಇರುವುದು ಬಿದ್ದಾಗ, ಬೈಸಿಕೊಂಡಾಗ, ಜ್ವರ ಬಂದಾಗ. ಸಂತೋಷಕ್ಕೂ ಅಳು ಬರುತ್ತದೆ ಎಂದರೆ ಏಳು ವರ್ಷದವಳು ಹೇಗೆ ನಂಬಿಯಾಳು? ‘ಸಂತೋಷ’ ಎಂಬ ಒಂದು ಪದ ಅವಳಿಗೆ ಸಾಲದು. ಏನನ್ನು ನೋಡಿ ಅಳು ಬಂತು ಎಂಬುದನ್ನು ಬೊಟ್ಟು ಮಾಡಿ ತೋರಿಸಬೇಕು.

ನನ್ನ ಮಗ ಆರು ವರ್ಷದವನಿದ್ದಾಗ ಒಂದು ನಾಟಕದಲ್ಲಿ ಮರವಾಗಿದ್ದ. ಮಾತಿಲ್ಲ, ಓಡಾಟವಿಲ್ಲ, ಎರಡೂ ಕೈಗಳನ್ನು ಕೊಂಬೆಗಳಂತೆ ಮೇಲೆತ್ತಿ ದೃಶ್ಯ ಮುಗಿಯುವವರೆಗೆ ನಿಂತಿರಬೇಕು. ಮುಂದೆ ರಾಜ, ಮಂತ್ರಿ, ಜಗಳ ಎಲ್ಲ ನಡೆಯುತ್ತಿತ್ತು. ನನ್ನ ಕಣ್ಣು ಮಾತ್ರ ಹಿಂದಿನ ಆ ಮರದ ಮೇಲೆ. ಸ್ವಲ್ಪ ಹೊತ್ತಿನಲ್ಲಿ ಅವನ ಎಡಗೈ ಸಣ್ಣಗೆ ನಡುಗತೊಡಗಿತು. ತೋಳಿಗೆ ಕಟ್ಟಿದ್ದ ಕಾಗದದ ಎಲೆಗಳೂ ಅದರ ಜೊತೆಗೆ ಅಲುಗಿದವು. ಪಕ್ಕದ ಮರ ಆಗಲೇ ಕೈ ಇಳಿಸಿ ಕೆನ್ನೆ ತುರಿಸಿಕೊಳ್ಳುತ್ತಿತ್ತು. ಇವನು ತುಟಿ ಕಚ್ಚಿಕೊಂಡ. ಮೊಣಕೈ ಒಮ್ಮೆ ಬಾಗಿತು, ಮತ್ತೆ ನೆಟ್ಟಗಾಯಿತು. ಕೈ ಇಳಿಯಲಿಲ್ಲ. ರಾತ್ರಿ ನೀರು ಕುಡಿಯಲು ಒಬ್ಬನೇ ಅಡುಗೆಮನೆಗೆ ಹೋಗಲು ಹೆದರುವ ಹುಡುಗ, ಯಾರೂ ತನ್ನನ್ನು ನೋಡುತ್ತಿಲ್ಲ ಎಂದು ಗೊತ್ತಿದ್ದೂ ಒಪ್ಪಿಕೊಂಡ ಕೆಲಸವನ್ನು ಬಿಡಲಿಲ್ಲ. ನನಗೆ ಅಳು ಬಂದದ್ದು ಆಗ. ಬಿಕ್ಕುವುದು ಅಕ್ಕಪಕ್ಕದವರಿಗೆ ಕೇಳಬಾರದೆಂದು ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡೆ.

ಮುಗಿದ ಮೇಲೆ ಅವನ ಮುಂದೆ ಮಂಡಿಯೂರಿ ಕುಳಿತು, “ನಿನ್ನ ಎಡಗೈ ನಡುಗುತ್ತಿತ್ತು. ಆದರೂ ನೀನು ಇಳಿಸಲಿಲ್ಲ. ಅದನ್ನು ನೋಡಿ ನನ್ನ ಕಣ್ಣು ತುಂಬಿತು” ಎಂದೆ. ಅವನು ನನ್ನನ್ನೇ ನೋಡಿ, “ನೀನು ಮರವನ್ನೇ ನೋಡುತ್ತಿದ್ದೆಯಾ ಅಪ್ಪಾ?” ಎಂದ. ಅಳುವಿನ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಆದ್ದರಿಂದ ಕಣ್ಣು ಒದ್ದೆಯಾದರೆ ಆಗಲಿ, ನೋಡುವುದನ್ನು ಮಾತ್ರ ಬಿಡಬೇಡಿ. ಮಗಳಿಗೆ ಹೇಳಲು ಕಣ್ಣಾರೆ ಕಂಡ ಒಂದಾದರೂ ಸಂಗತಿ ನಿಮ್ಮ ಬಳಿ ಇರಲಿ.

ಅವಳಿ ಮಕ್ಕಳ ತಾಯಿ

ನನ್ನ ಕೈಹಿಡಿದದ್ದು ತಾಲೀಮು. ಉಡುಪು ತೊಟ್ಟು ನಡೆಸುವ ಕೊನೆಯ ತಾಲೀಮಿಗೆ ಪೋಷಕರನ್ನು ಬಿಡುವುದಾದರೆ ತಪ್ಪದೆ ಹೋಗಿ. ಮನೆಯಲ್ಲಿ ದಿನವೂ ನೋಡುವ ಮಗು ಅಷ್ಟು ಬೆಳಕಿನಲ್ಲಿ, ಬೇರೆಯದೇ ಉಡುಪಿನಲ್ಲಿ, ನಮ್ಮ ಸಹಾಯವಿಲ್ಲದೆ ನಿಂತದ್ದನ್ನು ಮೊದಲ ಸಲ ಕಂಡಾಗ ಬರುವ ಅಳುವೇ ಜೋರು. ನಾನು ಅದನ್ನು ತಾಲೀಮಿನ ದಿನವೇ ಅತ್ತು ಮುಗಿಸಿದ್ದೆ.

ಮೊಬೈಲಿನಲ್ಲಿ ಚಿತ್ರೀಕರಿಸುತ್ತಿದ್ದರೆ ಅಳು ಬರುವುದಿಲ್ಲ ಎಂದು ಯಾರೋ ಹೇಳಿದ್ದರು. ನಿಜ, ಬರಲಿಲ್ಲ. ಆದರೆ ನನ್ನ ಮಕ್ಕಳಿಗೆ ವೇದಿಕೆಯಿಂದ ಕಂಡದ್ದು ಅಮ್ಮನ ಮುಖ ಇರಬೇಕಾದ ಜಾಗದಲ್ಲಿ ಒಂದು ಮೊಬೈಲ್. ಆಮೇಲೆ ಅದನ್ನು ಕೈಬಿಟ್ಟೆ.

ಜೀವಶಾಸ್ತ್ರ ಕಲಿಸುವವಳು, ಒಬ್ಬ ಮಗನ ತಾಯಿ

ಇದು ಮನಸ್ಸಿನ ದೌರ್ಬಲ್ಯ ಎಂದು ಮಾತ್ರ ಅಂದುಕೊಳ್ಳಬೇಡಿ, ಅಕ್ಕಾ. ಕಣ್ಣೀರಿನಲ್ಲಿ ಮೂರು ಬಗೆ: ಕಣ್ಣನ್ನು ಸದಾ ತೇವವಾಗಿಡುವುದು ಒಂದು, ಹೊಗೆ ಧೂಳಿಗೆ ಉಕ್ಕುವುದು ಒಂದು, ಭಾವನೆಗೆ ಬರುವುದು ಇನ್ನೊಂದು. ಅಶ್ರುಗ್ರಂಥಿಗೆ ಅಪ್ಪಣೆ ಹೋಗುವುದು ನಮ್ಮ ಇಚ್ಛೆಗೆ ಒಳಪಡದ ಸ್ವನಿಯಂತ್ರಿತ ನರವ್ಯೂಹದಿಂದ. ಎದೆಬಡಿತವನ್ನು ನಿಧಾನವಾಗು ಎಂದರೆ ಅದು ಹೇಗೆ ಕೇಳುವುದಿಲ್ಲವೋ ಇದೂ ಹಾಗೆಯೇ.

ಆಲನ್ ಫಿಸ್ಕೆ, ಬಿಯಾಟೆ ಸೈಬ್ಟ್ ಮತ್ತು ಥಾಮಸ್ ಶುಬರ್ಟ್ ಎಂಬ ಸಂಶೋಧಕರು ನೀವು ಹೇಳಿದ ಈ ಭಾವವನ್ನೇ ಅಧ್ಯಯನ ಮಾಡಿ, ಸಂಸ್ಕೃತದಿಂದ ‘ಕಾಮಮೂತ’ ಎಂಬ ಹೆಸರನ್ನು ಆರಿಸಿಕೊಂಡರು. ಪ್ರೀತಿಯಿಂದ ಕದಲಿದ್ದು ಎಂದರ್ಥ. ಎದೆ ಬೆಚ್ಚಗಾಗುವುದು, ಮೈ ನವಿರೇಳುವುದು, ಗಂಟಲು ಕಟ್ಟುವುದು, ಕಣ್ಣು ತುಂಬುವುದು ಅದರ ಲಕ್ಷಣಗಳು. ನಂಟು ಇದ್ದಕ್ಕಿದ್ದಂತೆ ಗಾಢವಾದ ಗಳಿಗೆಯಲ್ಲಿ ಅದು ಉಕ್ಕುತ್ತದೆ ಎನ್ನುತ್ತಾರೆ ಅವರು. ಹಾಡು ಶುರುವಾಗುವ ಮೊದಲೇ, ಪರದೆ ಸರಿದೊಡನೆ ನಿಮಗೆ ಅಳು ಬಂದದ್ದು ಅದಕ್ಕೇ ಇರಬೇಕು. ಇನ್ನು 2015ರಲ್ಲಿ ಯೇಲ್ ವಿಶ್ವವಿದ್ಯಾಲಯದ ಓರಿಯಾನಾ ಅರಗೋನ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನವೊಂದು, ಸಂತೋಷ ಮೇರೆ ಮೀರಿದಾಗ ಅದಕ್ಕೆ ವಿರುದ್ಧವಾದ ಭಾವ ಮುಖದಲ್ಲಿ ಮೂಡುವುದು ಮನಸ್ಸನ್ನು ಮತ್ತೆ ಹದಕ್ಕೆ ತರಲು ನೆರವಾಗಬಹುದು ಎಂದು ಸೂಚಿಸಿತು. ಅಂದರೆ ಆ ಅಳುವಿಗೂ ಒಂದು ಕೆಲಸವಿದೆ.

ಅಂದು ಕೈಗೆ ಸಿಗುವ ಉಪಾಯವನ್ನೂ ಹೇಳುತ್ತೇನೆ. ಅಳು ಬರುವಾಗ ಹೆಚ್ಚು ಗಾಳಿ ಎಳೆದುಕೊಳ್ಳಲು ಗಂಟಲೊಳಗಿನ ಉಸಿರಿನ ದಾರಿ ಅಗಲವಾಗುತ್ತದೆ. ನುಂಗಬೇಕಾದರೆ ಅದು ಮುಚ್ಚಬೇಕು. ಈ ಎರಡರ ಜಗ್ಗಾಟವೇ ಗಂಟಲಲ್ಲಿ ಗಂಟು ಸಿಕ್ಕಿಕೊಂಡಂತೆ ಅನಿಸುವುದು. ನೀರನ್ನು ಗುಟುಕು ಗುಟುಕಾಗಿ ಕುಡಿಯಿರಿ, ಉಸಿರನ್ನು ಎಳೆದುಕೊಂಡದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡು ಹೊರಬಿಡಿ. ನನಗೆ ಇದರಿಂದ ಅಳು ಪೂರ್ತಿ ನಿಲ್ಲಲಿಲ್ಲ, ಬಿಕ್ಕುವುದು ನಿಂತಿತು. ಕಣ್ಣೀರಿನ ಒಂದು ಪಾಲು ಕಣ್ಣಿನ ಒಳಮೂಲೆಯ ಸಣ್ಣ ರಂಧ್ರಗಳಿಂದ ಮೂಗಿಗೇ ಇಳಿಯುವುದರಿಂದ ಕರವಸ್ತ್ರ ಕೈಯಲ್ಲೇ ಇರಲಿ, ಚೀಲದ ತಳದಲ್ಲಿ ಬೇಡ.

ಒಂದು ಕಾಲಕ್ಕೆ ವೇದಿಕೆಯ ಮೇಲೆ ನಿಂತಿದ್ದ ಮಗ

ನಾನು ಆ ಕಡೆಯಿಂದ ಹೇಳುತ್ತೇನೆ. ಚಿಕ್ಕಂದಿನಲ್ಲಿ ನನಗೆ ಉಗ್ಗು ಇತ್ತು. ಒಂಬತ್ತನೆಯ ವಯಸ್ಸಿನಲ್ಲಿ ಪದ್ಯ ಓದಲು ವೇದಿಕೆ ಹತ್ತಿದೆ. ಮೈಕಿನ ಮುಂದೆ ನಿಂತು ತಲೆಯೆತ್ತಿದರೆ ಮೊದಲ ಸಾಲಿನಲ್ಲಿ ಅಮ್ಮ ಕಣ್ಣೊರೆಸಿಕೊಳ್ಳುತ್ತಿದ್ದರು. ನಾನಿನ್ನೂ ಒಂದಕ್ಷರವನ್ನೂ ಆಡಿರಲಿಲ್ಲ. ನಾನು ಉಗ್ಗುತ್ತೇನೆಂದು ಅಮ್ಮನಿಗೆ ಆಗಲೇ ಗೊತ್ತಾಗಿಬಿಟ್ಟಿದೆ ಎಂದುಕೊಂಡೆ. ಮೊದಲ ಸಾಲಿನಲ್ಲೇ ಸಿಕ್ಕಿಬಿದ್ದೆ.

ಅದನ್ನು ನಾವಿಬ್ಬರೂ ಬಾಯಿಬಿಟ್ಟು ಮಾತಾಡಿದ್ದು ಇಪ್ಪತ್ತೈದು ವರ್ಷಗಳ ಮೇಲೆ, ನನ್ನ ಮಗಳು ವೇದಿಕೆ ಹತ್ತಿದ ದಿನ. “ಅರ್ಧ ಹೆಮ್ಮೆ, ಅರ್ಧ ಭಯ ಕಣೋ” ಎಂದರು ಅಮ್ಮ. ಅಷ್ಟು ವರ್ಷ ನಾನು ಬರೀ ಭಯವನ್ನೇ ಲೆಕ್ಕಕ್ಕೆ ಹಿಡಿದಿದ್ದೆ. ಆದ್ದರಿಂದ ಮರದ ಪಾತ್ರದ ಹುಡುಗನ ತಂದೆ ಹೇಳಿದ್ದು ನನಗೆ ಪೂರ್ತಿ ಒಪ್ಪಿಗೆ, ಆದರೆ ಮುಗಿಯುವವರೆಗೆ ಕಾಯಬೇಡಿ. ನಾಟಕಕ್ಕೆ ಮುಂಚೆಯೇ ಮಗಳ ಜೊತೆ ಮಾತಾಡಿ. ಮಗು ಮೊದಲ ಮಾತು ಆಡುವ ಮುಂಚೆ ಕಾಣುವ ಕಣ್ಣೀರಿಗೆ ಅದು ತನಗೆ ತೋಚಿದ ಅರ್ಥವನ್ನು ಕಟ್ಟಿಕೊಳ್ಳುತ್ತದೆ.

ಮಕ್ಕಳಿಗೆ ನಾಟಕ ಕಲಿಸುವ ಶಿಕ್ಷಕಿ

ನಾನು ಪರದೆಯ ಬದಿಯಲ್ಲಿ ನಿಂತು ನೋಡುವವಳು. ಬೆಳಕೆಲ್ಲ ವೇದಿಕೆಯ ಮೇಲಿದ್ದು ಸಭಾಂಗಣ ಕತ್ತಲಾಗಿದ್ದರೆ ಮಕ್ಕಳಿಗೆ ಮುಂದಿನ ಎರಡು ಮೂರು ಸಾಲುಗಳ ಆಚೆ ಮುಖಗಳು ಕಾಣುವುದು ಕಷ್ಟ. ಮೊದಲ ಸಾಲಿನ ಆಸೆ ಬಿಟ್ಟು ಐದನೆಯ ಸಾಲಿನಲ್ಲಿ ಕುಳಿತುಕೊಳ್ಳಿ. ಎಲ್ಲಿ ಕೂರುತ್ತೀರಿ ಎಂಬುದನ್ನು ಮಗಳಿಗೆ ಮೊದಲೇ ಹೇಳಿ. ಬಹುತೇಕ ಮಕ್ಕಳು ವೇದಿಕೆಗೆ ಬಂದೊಡನೆ ಹುಡುಕುವುದು ಅಪ್ಪ ಅಮ್ಮನನ್ನು. ಹುಡುಕಾಟದಲ್ಲೇ ಮೊದಲ ಮಾತು ಮರೆತವರನ್ನು ಕಂಡಿದ್ದೇನೆ. ಅಮ್ಮ ಎಡಬದಿಯ ಕೊನೆಯ ಕುರ್ಚಿಯಲ್ಲಿದ್ದಾಳೆ ಎಂದು ಗೊತ್ತಿದ್ದರೆ ಕಾಣದಿದ್ದರೂ ಅವರಿಗೆ ಧೈರ್ಯವಿರುತ್ತದೆ.

ಇದರ ಜೊತೆಗೆ ಒಂದು ಕೋರಿಕೆ. ಕೆಳಗೆ ಕುಳಿತು ತುಟಿಯಾಡಿಸಿ ಮಾತು ಹೇಳಿಕೊಡಬೇಡಿ. ಮಗು ಎದುರಿನ ಪಾತ್ರವನ್ನು ಬಿಟ್ಟು ನಿಮ್ಮನ್ನೇ ನೋಡತೊಡಗುತ್ತದೆ. ಅಳುವಿಗಿಂತ ನನಗೆ ಇದು ಹೆಚ್ಚು ಕಷ್ಟ ಕೊಟ್ಟಿದೆ.

ಅಳು ಬಾರದ ತಂದೆ

ನಮ್ಮ ಮನೆಯಲ್ಲಿ ಕಣ್ಣೀರು ಹಾಕುವುದು ನನ್ನ ಹೆಂಡತಿ. ನನ್ನ ಕಣ್ಣಿನಲ್ಲಿ ಒಂದು ಹನಿಯೂ ಬರುವುದಿಲ್ಲ. ಒಂದು ಸಲ ಮಗಳು, “ಅಪ್ಪನಿಗೆ ಇಷ್ಟವಾಗಲಿಲ್ಲವೇ?” ಎಂದು ಅಮ್ಮನನ್ನು ಕೇಳಿದ್ದು ನನ್ನ ಕಿವಿಗೆ ಬಿತ್ತು. ಅವಳನ್ನು ಹತ್ತಿರ ಕರೆದು ಅವಳ ಅಂಗೈಯನ್ನು ನನ್ನ ಎದೆಯ ಮೇಲೆ ಒತ್ತಿಕೊಂಡೆ. ಅವಳ ಕುಣಿತ ಮುಗಿದು ಹತ್ತು ನಿಮಿಷವಾಗಿತ್ತು, ಇನ್ನೂ ಡವಡವ ಎನ್ನುತ್ತಿತ್ತು. ಅತ್ತರೂ ಅಳದಿದ್ದರೂ ಮಕ್ಕಳು ಕೇಳುವುದು ಒಂದೇ ಪ್ರಶ್ನೆ, ತಾಯಿ.

ಕೇಳಿದ ತಾಯಿ ಮತ್ತೆ

ಪ್ರತಿಯೊಂದನ್ನೂ ಎರಡೆರಡು ಸಲ ಓದಿದೆ. ಉಗ್ಗಿನ ಮಾತು ಓದಿ ರಾತ್ರಿ ನಿದ್ದೆ ಬರಲಿಲ್ಲ. ನಿನ್ನೆ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ಕಳೆದ ವರ್ಷ ಯಾವುದನ್ನು ನೋಡಿ ಅತ್ತೆ ಎಂದು ನೆನಪಿಸಿಕೊಳ್ಳಲು ನನಗೇ ಹೊತ್ತು ಹಿಡಿಯಿತು. ಆಮೇಲೆ ಕಣ್ಣಿಗೆ ಕಟ್ಟಿತು: ಪರದೆ ಸರಿದಾಗ ಅವಳು ಪಕ್ಕದ ಹುಡುಗಿಯ ಕಿರುಬೆರಳನ್ನು ಹಿಡಿದುಕೊಂಡಿದ್ದಳು. “ಅದನ್ನು ನೋಡಿ ಅತ್ತೆ” ಎಂದೆ. “ಅವಳಿಗೆ ಹೆದರಿಕೆಯಾಗಿತ್ತಮ್ಮಾ, ಅದಕ್ಕೇ ಹಿಡಿದುಕೊಂಡೆ” ಎಂದಳು, ಅದೇನು ದೊಡ್ಡ ಸಂಗತಿ ಎನ್ನುವ ಹಾಗೆ. ನನ್ನ ದನಿ ಆಗಲೇ ಒಡೆಯಿತು. ಈ ಸಲ ಅವಳು ಗಾಬರಿಯಾಗಲಿಲ್ಲ, ಎದ್ದು ಹೋಗಿ ಕರವಸ್ತ್ರ ತಂದುಕೊಟ್ಟಳು.

ಐದನೆಯ ಸಾಲು, ಎಡಬದಿಯ ಕೊನೆಯ ಕುರ್ಚಿ ಎಂದು ಮಾತಾಗಿದೆ. ಅವಳದೂ ಒಂದು ಷರತ್ತಿದೆ: “ಅಳುವುದಾದರೆ ಅಳು. ಆದರೆ ನನ್ನ ನಾಲ್ಕು ಮಾತುಗಳನ್ನೂ ಕೇಳಿದ ಮೇಲೆ.”