ಎಲ್‌ಎಡಿ (ಹೃದಯದ ಮುಂದಿನ ರಕ್ತನಾಳ) ತುಂಬ ಕ್ಯಾಲ್ಸಿಯಂ, ಎಫ್‌ಎಫ್‌ಆರ್ ಒಂದೊಂದು ಸಲ ಒಂದೊಂದು. ಯಾಕೆ?

ಕ್ಯಾತ್‌ಲ್ಯಾಬ್_ಹಾಸನ: ತಲೆ ಕೆಟ್ಟುಹೋಗಿದೆ. ನಿನ್ನೆಯ ಕೇಸು, ಸಿಟಿ ಸ್ಕ್ಯಾನಿನಲ್ಲಿ ಎಲ್‌ಎಡಿ ಪೂರ್ತಿ ಬೆಳ್ಳಗೆ ಕಾಣುತ್ತದೆ, ಅಷ್ಟು ಕ್ಯಾಲ್ಸಿಯಂ. ಪ್ರೆಶರ್ ವೈರ್ (ಒತ್ತಡದ ಸೆನ್ಸರ್ ಇರುವ ತಂತಿ) ಹಾಕಿದರೆ ಎಫ್‌ಎಫ್‌ಆರ್, ಅಂದರೆ ಬ್ಲಾಕಿನಾಚೆಯ ಒತ್ತಡಕ್ಕೂ ಅದಕ್ಕೆ ಮೊದಲಿನ ಒತ್ತಡಕ್ಕೂ ಇರುವ ಅನುಪಾತ, ಮೊದಲು 0.84, ಆಮೇಲೆ 0.78. ಸ್ಟೆಂಟ್ ಬೇಕೋ ಬೇಡವೋ ಅನ್ನೋದು 0.80ರ ಗೆರೆಯ ಮೇಲೆ ನಿಂತಿದೆ (ಅಷ್ಟು ಅಥವಾ ಕಮ್ಮಿ ಆದರೆ ಬೇಕಾಗಬಹುದು), ಡಾಕ್ಟರು ನನ್ನನ್ನೇ ಕೇಳುತ್ತಾರೆ. ಕ್ಯಾಲ್ಸಿಯಂ ರೀಡಿಂಗನ್ನೇ ಕೆಡಿಸುತ್ತದಾ?

ವೈರಣ್ಣ: ವೈರಿನ ಕನೆಕ್ಟರ್ ಒದ್ದೆ ಆಗಿರುತ್ತದೆ. ಒರೆಸಿ ಹಾಕಿ.

ಮಲೆನಾಡ್_ಟೆಕ್: ರಕ್ತದ ಹರಿವು ಹೆಚ್ಚಿಸಲು ಕೊಟ್ಟ ಅಡಿನೋಸಿನ್ ಎಷ್ಟು? ವೈ-ಕನೆಕ್ಟರಿಂದ (ಗೈಡ್ ಕೊಳವೆಯ ಹೊರತುದಿಯ ಕವಾಟ) ವೈರ್ ತೂರಿಸುವ ನೀಡಲ್ ತೆಗೆದಿದ್ರಾ? ಅದು ಉಳಿದರೆ ಅಲ್ಲೇ ಸೋರಿ ಪಿಎ (ಗೈಡಿನಲ್ಲಿ ಸಿಗುವ ಮಹಾಪಧಮನಿಯ ಒತ್ತಡ) ಇಳಿಯುತ್ತದೆ.

ಕ್ಯಾತ್‌ಲ್ಯಾಬ್_ಹಾಸನ: ತೆಗೆದಿದ್ದೆ. ಐವಿ, ಕೆಜಿಗೆ ನಿಮಿಷಕ್ಕೆ 140 ಮೈಕ್ರೊಗ್ರಾಂ.

ವೈರಣ್ಣ: ಮೊದಲು ಕನೆಕ್ಟರ್ ನೋಡಿ ಅಂದೆನಲ್ಲ.

ಮೈಸೂರು_ಲ್ಯಾಬ್: ಅಡಿನೋಸಿನ್ ಯಾಕಪ್ಪ ಇನ್ನೂ? ನಾವು ಐಎಫ್‌ಆರ್ (ಅಡಿನೋಸಿನ್ ಇಲ್ಲದೆ ಅಳೆಯುವ ಇಂಥದೇ ಅನುಪಾತ), ಗೆರೆ 0.89. ಪೇಷಂಟು ಅಡಿನೋಸಿನ್‌ಗೆ ಅಡ್ಡ ಬರುವ ಕಾಫಿ ಕುಡಿದು ಬಂದರೂ ತೊಂದರೆ ಇಲ್ಲ. ಈಗ ಆಪ್ಟಿಕಲ್ ಸೆನ್ಸರಿನ ವೈರ್ ಬೇರೆ ಬಂದಿದೆ, ಡ್ರಿಫ್ಟ್ (ಸೆನ್ಸರಿನ ಸೊನ್ನೆ ಮೆಲ್ಲಗೆ ಜಾರುವುದು) ಕಮ್ಮಿ.

ಮಲೆನಾಡ್_ಟೆಕ್: ಡ್ರಿಫ್ಟ್ ಆದರೆ ಐಎಫ್‌ಆರ್ ಕೂಡ ಕೆಡುತ್ತದೆ ಸರ್. ಹಾಸನದವರೇ, ಗೋಡೆಯಲ್ಲಿ ಕ್ಯಾಲ್ಸಿಯಂ ಇದ್ದ ಮಾತ್ರಕ್ಕೆ ಒತ್ತಡ ಇಳಿಯುವುದಿಲ್ಲ, ಒಳದಾರಿ ಕಿರಿದಾಗಿರಬೇಕು. ಸಿಟಿಯಲ್ಲಿ ಕ್ಯಾಲ್ಸಿಯಂ ಇರುವುದಕ್ಕಿಂತ ದಪ್ಪ ಕಾಣುತ್ತದೆ, ಅದನ್ನು ನೋಡಿ ಬ್ಲಾಕ್ ದೊಡ್ಡದು ಅನ್ನಬೇಡಿ. ಆದರೆ ಗಟ್ಟಿ ನಾಳದಲ್ಲಿ ವೈರ್ ತಿರುಗಿಸಿ ತಳ್ಳಿ ಹೆಣಗಾಡುತ್ತೀರಿ, ಹೊತ್ತು ಜಾಸ್ತಿ ಆಗುತ್ತದೆ, ಡ್ರಿಫ್ಟಿಗೆ ಅಷ್ಟು ಸಾಕು. ಪಿಡಿ (ಬ್ಲಾಕಿನಾಚೆ ವೈರ್ ಅಳೆಯುವ ಒತ್ತಡ) ಅಲೆ ನೋಡಿ. ನಿಜವಾದ ಬ್ಲಾಕ್ ಆದರೆ ಡೈಕ್ರೋಟಿಕ್ ನಾಚ್ (ಅಲೆ ಇಳಿಯುವಲ್ಲಿ ಕಾಣುವ ಸಣ್ಣ ಕಚ್ಚು) ಮಾಸಿ, ಡಯಾಸ್ಟೊಲಿನಲ್ಲಿ (ಹೃದಯ ಸಡಿಲಗೊಂಡಾಗ) ಪಿಎಗೂ ಪಿಡಿಗೂ ಅಂತರ ಹೆಚ್ಚುತ್ತದೆ. ಡ್ರಿಫ್ಟ್ ಆದರೆ ಪಿಎ ಅಲೆಯೇ ಹಾಗೇ ಕೆಳಗೆ ಜಾರಿದಂತೆ ಇರುತ್ತದೆ, ನಾಚ್ ಸಮೇತ. ಕೊನೆಗೆ ಸೆನ್ಸರನ್ನು ಗೈಡ್ ತುದಿಗೆ ಎಳೆದಾಗ ಎಷ್ಟಿತ್ತು? ಅಲ್ಲಿ 1.00 ಇರಬೇಕು.

ಕ್ಯಾತ್‌ಲ್ಯಾಬ್_ಹಾಸನ: ರೆಕಾರ್ಡಿಂಗ್ ತೆಗೆದು ನೋಡಿದೆ. 0.94. ನಾಚ್ ಸ್ಪಷ್ಟವಾಗಿದೆ.

ಮೈಸೂರು_ಲ್ಯಾಬ್: ಹಾಗಾದರೆ ಆ 0.06 ಕೂಡಿಸಿ, 0.84. ಮುಗೀತು.

ಮಲೆನಾಡ್_ಟೆಕ್: ದಯವಿಟ್ಟು ಕೂಡಿಸಬೇಡಿ. ಡ್ರಿಫ್ಟ್ ಯಾವಾಗ ಶುರುವಾಯಿತೋ ಯಾರಿಗೆ ಗೊತ್ತು? ಗೈಡ್ ತುದಿಯಲ್ಲಿ ಮತ್ತೆ ಈಕ್ವಲೈಸ್ ಮಾಡಿ (ಎರಡೂ ಒತ್ತಡ ಸಮ ಮಾಡಿ), ಮೊದಲಿಂದ ಅಳೆಯಬೇಕು. ಒಬ್ಬರ ಎದೆಗೆ ಸ್ಟೆಂಟ್ ಹೋಗುವ ವಿಷಯ ಇದು. ಇವತ್ತೇ ಡಾಕ್ಟರಿಗೆ ಹೇಳಿ.

ವೈರಣ್ಣ: ಒದ್ದೆ ಕನೆಕ್ಟರಿಂದಲೂ ಡ್ರಿಫ್ಟ್ ಆಗುತ್ತದೆ.

ಕರಾವಳಿ_ಕ್ಯಾತ್: ನಡುವೆ ಕೇಳುತ್ತೇನೆ, ನಮ್ಮದು ಸರ್ಕಂಫ್ಲೆಕ್ಸ್ (ಹೃದಯದ ಹಿಂದಕ್ಕೆ ಸುತ್ತುವ ನಾಳ). ದೂರದಲ್ಲಿ 1.03, ಗೈಡಿಗೆ ಎಳೆದರೆ 1.00. ಇದೂ ಡ್ರಿಫ್ಟಾ?

ಮಲೆನಾಡ್_ಟೆಕ್: ಅಲ್ಲ. ಪೇಷಂಟು ಅಂಗಾತ ಮಲಗಿದಾಗ ಸರ್ಕಂಫ್ಲೆಕ್ಸ್ ಹಿಂದೆ, ಅಂದರೆ ಕೆಳಗೆ ಇರುತ್ತದೆ, ರಕ್ತದ ಭಾರದಿಂದ ಅಲ್ಲಿ ಒತ್ತಡ ಹೆಚ್ಚು ತೋರಿಸುತ್ತದೆ. 10 ಸೆಂ.ಮೀ. ರಕ್ತ ಅಂದರೆ ಸುಮಾರು 8 ಎಂಎಂ ಪಾದರಸದ ಒತ್ತಡ. ಎಲ್‌ಎಡಿ ಮೇಲಿರುವುದರಿಂದ ಅಲ್ಲಿ ಉಲ್ಟಾ, ಸ್ವಲ್ಪ ಕಮ್ಮಿ ತೋರಿಸುತ್ತದೆ.